ಕೆಂಡಕ್ಕ ಬಾಯಿ ಮುಚ್ಚಲಿಲ್ಲ

ಲಾಂಡ್ರಿಯ ಹೆಂಗಸರು ಅವಳನ್ನು ಕೆಂಡಕ್ಕ ಎಂದು ಕರೆಯುತ್ತಿದ್ದರು. ಬಿಸಿ ಇಸ್ತ್ರಿಯ ಮುಂದೆ ನಿಲ್ಲುವವಳು ಎಂಬ ಕಾರಣಕ್ಕಲ್ಲ. ಅಲ್ಲಿ ಎಲ್ಲರೂ ನಿಲ್ಲುತ್ತಿದ್ದದ್ದು ಬಿಸಿ ಇಸ್ತ್ರಿಯ ಮುಂದೆಯೇ. ಹೆಸರು ಬಂದದ್ದು ನಾಲಿಗೆಯಿಂದ. ನೆಲಮಾಳಿಗೆಯಲ್ಲಿದ್ದ ಆ ಲಾಂಡ್ರಿಯಲ್ಲಿ ಒಂದು ಬೇಸಗೆ ಹಬೆ ಎಳೆಯುವ ಫ್ಯಾನು ಕೆಟ್ಟು ನಿಂತಿತ್ತು. ಹೊಟೇಲುಗಳ ಬೆಡ್‌ಶೀಟು, ದಿಂಬಿನ ಕವರು, ಟವೆಲುಗಳು ಗುಡ್ಡೆ ಬಿದ್ದಿದ್ದವು. ಸೂಪರ್‌ವೈಸರ್ ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದ. ಕೆಲಸಕ್ಕೆ ಇನ್ನೂ ಹೊಸಬಳಾಗಿದ್ದ ಇವಳು ಇಸ್ತ್ರಿಯ ಸ್ವಿಚ್ ಆರಿಸಿ, ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು, "ಅದು ತಿರುಗಿದ್ರೆ ನಾವೂ ತಿರುಗ್ತೀವಿ ಸಾರ್" ಎಂದಳು. ಉಳಿದವರೂ ಒಬ್ಬೊಬ್ಬರಾಗಿ ಸ್ವಿಚ್ ಆರಿಸಿದರು. ಮಧ್ಯಾಹ್ನದೊಳಗೆ ಫ್ಯಾನು ತಿರುಗಿತು.

ಇಂಥವಳನ್ನು ಕಟ್ಟಿಕೊಂಡವನು ಮಾತೇ ಆಡದ ಮನುಷ್ಯ. ಲಿಫ್ಟ್ ಮೆಕ್ಯಾನಿಕ್. ಲಾಂಡ್ರಿಯ ಸಾಮಾನು ಸಾಗಿಸುವ ಲಿಫ್ಟಿನ ರಿಪೇರಿಗೆಂದು ಬಂದು ಅದರ ಕೆಳಗಿನ ಗುಂಡಿಯೊಳಗೆ ಇಳಿದಿದ್ದವನಿಗೆ ಇವಳು ಮೇಲಿನಿಂದ, "ನೀವು ಇದನ್ನ ಸರಿ ಮಾಡೋಷ್ಟರಲ್ಲಿ ನನಗೆ ವಯಸ್ಸಾಗುತ್ತೆ" ಎಂದು ಕೂಗಿದ್ದಳಂತೆ. ಕೆಳಗಿನಿಂದ ಬಂದ ಉತ್ತರ ಇಷ್ಟೇ: "ಆಗ್ಲಿ ಬಿಡಿ, ಪರವಾಗಿಲ್ಲ." ಆ ಮಾತಿಗೇ ಅವಳು ಸೋತಳು ಎಂದು ಗೆಳತಿಯರು ಇವತ್ತಿಗೂ ಆಡಿಕೊಂಡು ನಗುತ್ತಾರೆ.

ಮದುವೆಯಾಯಿತು, ಬಸುರಾಯಿತು, ಹೆಣ್ಣು ಮಗುವಾಯಿತು. ಹೆರಿಗೆ ಸಲೀಸಾಗಿಯೇ ಆಯಿತು. ದಾದಿ ಮಗುವನ್ನು ತಂದು ಎದೆಯ ಮೇಲೆ ಮಲಗಿಸಿದಾಗ ಕೆಂಡಕ್ಕ ಅದರ ಕಡೆ ನೋಡಿದಳು. ನೋಡಿದಳು, ಅಷ್ಟೆ. ಎದೆಯೊಳಗೆ ಏನೋ ಉಕ್ಕಿ ಬರುತ್ತದೆ ಎಂದು ಎಲ್ಲರೂ ಹೇಳಿದ್ದರು. ಏನೂ ಬರಲಿಲ್ಲ. ಸುಸ್ತಾಗಿರಬೇಕು, ನಾಳೆ ಬರುತ್ತದೆ ಅಂದುಕೊಂಡಳು. ನಾಳೆಗಳು ಬಂದು ಹೋದವು.

ಮನೆಗೆ ಬಂದ ಮೇಲೆ ಮಗು ಅತ್ತರೆ ಆ ಅಳು ಗೋಡೆಯಾಚೆಯ ಯಾರದೋ ಮನೆಯಿಂದ ಕೇಳಿದ ಹಾಗಿರುತ್ತಿತ್ತು. ಮಗು ಮಲಗಿದಾಗಲೂ ಇವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅಡುಗೆಮನೆಯ ನಲ್ಲಿ ತಿರುಗಿಸಿ, ಪಾತ್ರೆ ತುಂಬಿ ಹರಿಯುತ್ತಿದ್ದರೂ ಕೈ ಚಾಚದೆ ನಿಂತಿರುತ್ತಿದ್ದಳು. ಹತ್ತು ಜನರ ಬಾಯಿ ಮುಚ್ಚಿಸುತ್ತಿದ್ದ ನಾಲಿಗೆಗೆ ಒಂದು ಲೋಟ ನೀರು ಕೇಳುವುದೂ ಭಾರವಾಯಿತು. ತವರಿನಲ್ಲಿ ಕೇಳುವವರು ಯಾರೂ ಇರಲಿಲ್ಲ. ಅವಳ ಅಮ್ಮ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಇದ್ದವರು ಅತ್ತೆ.

ಅತ್ತೆ ಕೆಟ್ಟವರಲ್ಲ. ಮೊಮ್ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಆದರೆ ಸೊಸೆಯ ವಿಷಯ ಬಂದರೆ ಅವರಿಗೆ ಒಂದೇ ಮಾತು: "ಸಂಬಳ ತರೋ ಹೆಂಗಸು, ಮಗು ಎತ್ತೋಕೆ ಕೈ ಬರಲ್ಲ. ಇದಕ್ಕೆ ಕೊಬ್ಬು ಅಂತಾರೆ." ಆಗಾಗ ಬಂದು ಹೋಗುತ್ತಿದ್ದ ನಾದಿನಿ ಅದಕ್ಕೆ ಒಗ್ಗರಣೆ ಹಾಕುತ್ತಿದ್ದಳು: "ಹೆತ್ತ ಕರುಳು ಹೀಗೂ ಇರುತ್ತಾ ಅಮ್ಮ?" ಕೆಂಡಕ್ಕ ಎದುರಾಡಲಿಲ್ಲ. ಅವರು ಹೇಳುತ್ತಿರುವುದೇ ನಿಜವಿರಬೇಕು ಎಂದು ಆಗ ಅವಳಿಗೂ ಅನ್ನಿಸುತ್ತಿತ್ತು. ಗಂಡ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಕೆಟ್ಟು ನಿಂತ ಯಂತ್ರವಾಗಿದ್ದರೆ ಬಿಚ್ಚಿ ನೋಡುತ್ತಿದ್ದನೋ ಏನೋ. ಇದನ್ನು ಎಲ್ಲಿಂದ ಬಿಚ್ಚಬೇಕೋ ಅವನಿಗೆ ಗೊತ್ತಾಗಲಿಲ್ಲ. ತಿಂಗಳುಗಳು ಹಾಗೇ ಕಳೆದವು.

ಒಂದು ಮಧ್ಯಾಹ್ನ ಅತ್ತೆ ಮಗುವಿಗೆ ಸ್ನಾನ ಮಾಡಿಸುತ್ತಿದ್ದಾಗ ಕೆಂಡಕ್ಕ ಮನೆಯ ಚಪ್ಪಲಿಯಲ್ಲೇ ಹೊರಗೆ ನಡೆದಳು. ಎಲ್ಲಿಗೆ ಎಂದು ಅವಳಿಗೂ ತಿಳಿದಿರಲಿಲ್ಲ. ದೊಡ್ಡ ರಸ್ತೆಯ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಳು. ಬಸ್ಸುಗಳು ಬಂದವು, ಹೋದವು. ಯಾವುದನ್ನೂ ಹತ್ತಲಿಲ್ಲ. ತಾನಿಲ್ಲದಿದ್ದರೆ ಆ ಮಗುವಿಗೆ ಒಳ್ಳೆಯದಾಗುತ್ತದೆ ಎಂಬ ಒಂದೇ ಯೋಚನೆ ತಲೆಯಲ್ಲಿ ಗಿರಗಿರ ಸುತ್ತುತ್ತಿತ್ತು. ಹೊತ್ತು ಇಳಿಯುವಾಗ ಗಂಡ ಹುಡುಕಿಕೊಂಡು ಬಂದ. ಕೈಯೆಲ್ಲ ಗ್ರೀಸು, ಮುಖವೆಲ್ಲ ಬೆವರು. ಬೈಯಲಿಲ್ಲ. ಪಕ್ಕದಲ್ಲಿ ಕೂತ.

"ನಾನು ಮನೆಗೆ ಬಂದ್ರೆ ಮಗುಗೆ ಒಳ್ಳೇದಾಗಲ್ಲ ರೀ" ಎಂದಳು.

ಅವನು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ, "ಮನೆಗೆ ಬೇಡ. ಆಸ್ಪತ್ರೆಗೆ ಹೋಗೋಣ ನಡಿ. ನಾನು ಇಷ್ಟು ದಿನ ಕಣ್ಣು ಮುಚ್ಚಿಕೊಂಡಿದ್ದೆ" ಎಂದ.

ಆಸ್ಪತ್ರೆಯಲ್ಲಿದ್ದವರು ನಡುವಯಸ್ಸಿನ ಡಾಕ್ಟರಮ್ಮ. ಎಲ್ಲ ಕೇಳಿಸಿಕೊಂಡರು. "ನಿದ್ದೆ ಬರ್ತಾ ಇದೆಯಾ? ಊಟ ಸೇರುತ್ತಾ? ಸತ್ತು ಹೋಗಬೇಕು ಅನ್ಸುತ್ತಾ?" ಎಂದು ನೇರವಾಗಿಯೇ ವಿಚಾರಿಸಿದರು. ಕೊನೆಗೆ ಹೇಳಿದರು: "ಇದು ಕಾಯಿಲೆ ಕಣಮ್ಮ. ಹೆರಿಗೆ ಆದ ಮೇಲೆ ಎಷ್ಟೋ ಜನಕ್ಕೆ ಬರೋ ಖಿನ್ನತೆ. ನಿಮಗೆ ಪ್ರೀತಿ ಇಲ್ಲ ಅಂತ ಅಲ್ಲ. ಅದರ ಮೇಲೆ ಈ ಕಾಯಿಲೆ ಕೂತಿದೆ. ಎಬ್ಬಿಸೋಣ."

ಆ ಮಾತು ಕೇಳಿ ಕೆಂಡಕ್ಕ ಅತ್ತಳು. ಹೆರಿಗೆಯಾದ ಮೇಲೆ ಮೊದಲ ಸಲ ಬಂದ ಅಳು. ಕೊಬ್ಬಿಗೆ ಔಷಧಿಯಿಲ್ಲ, ಕಾಯಿಲೆಗೆ ಇದೆ. ಅಷ್ಟು ಗೊತ್ತಾದದ್ದೇ ಅವಳಿಗೆ ಆಸರೆಯಾಯಿತು.

ಎಬ್ಬಿಸಲು ಕಾಲ ಹಿಡಿಯಿತು. ಮಾತ್ರೆ ನುಂಗಿದಳು, ವಾರವಾರ ಹೋಗಿ ಕೂತು ಮಾತಾಡಿ ಬಂದಳು. ಒಂದು ವಾರ ಹಗುರ, ಇನ್ನೊಂದು ವಾರ ಮತ್ತೆ ಕತ್ತಲು. ಅಷ್ಟರಲ್ಲಿ ಮಗು ಮಗುಚಿತು, ಅಂಬೆಗಾಲಿಟ್ಟಿತು, ಅಜ್ಜಿಯ ಮಡಿಲಿಗೆ ಒಗ್ಗಿತು. ಒಂದು ಬೆಳಗ್ಗೆ ಕೆಂಡಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಾಗ ಅದು ತೆವಳಿಕೊಂಡು ಬಂದು ದೊಡ್ಡ ಟವೆಲಿನೊಳಗೆ ತಲೆ ತೂರಿಸಿ ಸಿಕ್ಕಿಹಾಕಿಕೊಂಡಿತು. ಒಳಗಿನಿಂದ ಒಂದು ಸೀನು. ಟವೆಲ್ ಎತ್ತಿ ನೋಡಿದರೆ ಅಗಲ ಕಣ್ಣು ಬಿಟ್ಟುಕೊಂಡು, ಯಾರು ಸೀನಿದ್ದು ಎನ್ನುವ ಹಾಗೆ ಅತ್ತಿತ್ತ ನೋಡುತ್ತಿದೆ. ಕೆಂಡಕ್ಕನಿಗೆ ನಗು ಬಂತು. ತಡೆಯಲಾಗದ ನಗು. "ರೀ, ಬನ್ನಿ ಇಲ್ಲಿ, ನಮ್ಮ ಗೂಬೆಮರಿ ನೋಡಿ!" ಎಂದು ಕೂಗಿದಳು. ಅಡುಗೆಮನೆಯಿಂದ ಅತ್ತೆ, "ಮಗೂನ ಗೂಬೆ ಅಂತಾರೇನೇ?" ಎಂದು ಗದರಿದರು. ಏನು ಗದರಿದರೂ ಹೆಸರು ನಿಂತುಬಿಟ್ಟಿತು.

ಕೆಂಡಕ್ಕ ಲಾಂಡ್ರಿಗೆ ಮರಳಿದಳು, ನಾಲಿಗೆಯೂ ಅವಳಿಗೆ ಮರಳಿತು. ಆದರೆ ಆ ಒಂದು ವರ್ಷದ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ನೆಂಟರು ಕೇಳಿದರೆ "ಆಗ ಅವಳಿಗೆ ರಕ್ತ ಕಡಿಮೆ ಇತ್ತು" ಎಂದು ಅತ್ತೆ ಮಾತು ತೇಲಿಸುತ್ತಿದ್ದರು. ಕೆಂಡಕ್ಕನೂ ಬಿಟ್ಟಳು. ಹೊರಬಂದದ್ದೇ ದೊಡ್ಡದು, ಇನ್ನು ಕೆದಕುವುದೇಕೆ ಎಂದುಕೊಂಡಳು.

ಗೂಬೆಮರಿ ಚುರುಕಾಗಿ ಬೆಳೆದಳು. ಸ್ವಲ್ಪ ಅಂಜುಬುರುಕಿ, ಅಪ್ಪ ಬರುವುದು ತಡವಾದರೆ ಬಾಗಿಲಲ್ಲೇ ನಿಂತಿರುವಳು, ಅಮ್ಮ ಸಪ್ಪಗಿದ್ದರೆ "ನನ್ನ ಮೇಲೆ ಕೋಪಾನಾ?" ಎಂದು ಹತ್ತು ಸಲ ಕೇಳುವಳು. ಹೈಸ್ಕೂಲಿಗೆ ಬಂದ ಮೇಲೆ ಅದು ಬೇರೆಯ ರೂಪ ತಾಳಿತು. ಮೊದಲು ಬೆಳಗ್ಗೆ ಹೊಟ್ಟೆನೋವು. ಆಮೇಲೆ ಶಾಲೆಯ ಗೇಟಿನ ಬಳಿ ಕೈಕಾಲು ನಡುಕ, ಉಸಿರು ಸಿಗದ ಹಾಗೆ ಎದೆ ಹೊಡೆದುಕೊಳ್ಳುವುದು. ಕೊನೆಗೆ ಹಾಸಿಗೆ ಬಿಟ್ಟು ಏಳುವುದೇ ನಿಂತಿತು. ಹೊದಿಕೆಯೊಳಗಿನಿಂದ "ನನ್ನ ಸುಮ್ನೆ ಬಿಟ್ಬಿಡಿ" ಎಂಬ ದನಿ ಕೇಳಿದಾಗ ಕೆಂಡಕ್ಕ ಬಾಗಿಲಲ್ಲೇ ನಿಂತಳು. ಆ ದನಿಯ ಪರಿಚಯ ಅವಳಿಗಿತ್ತು.

ಆ ಭಾನುವಾರ ನಾದಿನಿ ಊಟಕ್ಕೆ ಬಂದಿದ್ದಳು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ತಟ್ಟೆಯ ಮುಂದೆ ಕೂತು ಅವಳು ನಿಟ್ಟುಸಿರು ಬಿಟ್ಟಳು.

"ಇನ್ನೇನಾಗುತ್ತೆ ಅತ್ತಿಗೆ? ಹುಟ್ಟಿದಾಗ ಎದೆಗೆ ಒತ್ಕೊಳ್ಳದ ಮಗು. ನೀವು ಬಿಟ್ಟು ಹೋಗಿದ್ರಲ್ಲ, ಅವತ್ತು ಬಿದ್ದ ಪೆಟ್ಟು ಇದು."

ಗಂಡ ತುತ್ತು ಕೈಯಲ್ಲೇ ಹಿಡಿದು ಕೂತ. ಅತ್ತೆ ತಲೆ ಎತ್ತಲಿಲ್ಲ. ಕೋಣೆಯೊಳಗೆ ಮಂಚ ಕಿರುಗುಟ್ಟಿತು. ಗೂಬೆಮರಿ ಕೇಳಿಸಿಕೊಂಡಿದ್ದಳು.

ಮರುದಿನ ಕೆಂಡಕ್ಕ ಮಗಳನ್ನು ಎಬ್ಬಿಸಿ, ಮುಖ ತೊಳೆಸಿ, "ಶಾಲೆಗೆ ಬೇಡ. ನನ್ನ ಜೊತೆ ಬಾ" ಎಂದು ಲಾಂಡ್ರಿಗೆ ಕರೆದುಕೊಂಡು ಹೋದಳು. ಬಿಸಿಲಿನ ದಿನ, ಟೆರೇಸಿನ ತುಂಬ ಬಿಳಿ ಶೀಟುಗಳು. ಇಬ್ಬರೂ ಒಂದೊಂದು ತುದಿ ಹಿಡಿದು ಮಡಚತೊಡಗಿದರು. ಎಳೆಯುವುದು, ಕೊಡವುವುದು, ಹತ್ತಿರ ಬಂದು ಅಂಚಿಗೆ ಅಂಚು ಸೇರಿಸುವುದು, ಮತ್ತೆ ದೂರ ಸರಿಯುವುದು. ಸ್ವಲ್ಪ ಹೊತ್ತಿನ ಮೇಲೆ ಮಗಳು ಕೇಳಿದಳು.

"ನಾನು ಹುಟ್ಟಿದಾಗ ನಿನಗೆ ನಾನು ಬೇಡವಾಗಿದ್ನಾ ಅಮ್ಮ?"

ಸುಳ್ಳು ಹೇಳಬಹುದಿತ್ತು. ನಿಮ್ಮತ್ತೆಗೆ ತಲೆಕೆಟ್ಟಿದೆ, ಏನೋ ಬಡಬಡಿಸುತ್ತಾಳೆ ಎಂದು ನಾದಿನಿಯ ಮೇಲೆ ಹಾಕಿಬಿಡಬಹುದಿತ್ತು. ಬರುವಾಗ ಗಂಡ ಕಣ್ಣಲ್ಲೇ ಹಾಗೆ ಮಾಡು ಎಂದು ಬೇಡಿಕೊಂಡಿದ್ದ ಕೂಡ. ಕೆಂಡಕ್ಕ ಶೀಟಿನ ತುದಿ ಬಿಡಲಿಲ್ಲ.

"ನನಗೆ ಕಾಯಿಲೆ ಬಂದಿತ್ತು. ಹೆರಿಗೆ ಆದ್ಮೇಲೆ ಕೆಲವರಿಗೆ ಬರುತ್ತೆ, ಮನಸ್ಸಿಗೆ ಬರೋದು. ನಿನ್ನ ಮೇಲೆ ಏನೂ ಅನ್ಸಲಿಲ್ಲ. ನನ್ನ ಮೇಲೂ ಅನ್ಸಲಿಲ್ಲ. ಒಂದು ದಿನ ಮನೆ ಬಿಟ್ಟು ಹೋಗಿ ಬಸ್ ಸ್ಟಾಪಲ್ಲಿ ಕೂತಿದ್ದೆ. ನಿಮ್ಮಪ್ಪ ಬಂದು ಡಾಕ್ಟರ ಹತ್ರ ಕರ್ಕೊಂಡು ಹೋದ್ರು. ವಾಸಿಯಾಗೋಕೆ ತುಂಬ ದಿನ ಹಿಡೀತು."

"ಅಷ್ಟು ದಿನ?"

"ಅಷ್ಟು ದಿನ ನಿನ್ನ ಅಜ್ಜಿ ಎತ್ಕೊಂಡ್ರು. ನಾನು ಎತ್ಕೊಳ್ಳಲಿಲ್ಲ. ಅದು ನಿಜ. ನಿನ್ನ ಹತ್ರ ಮುಚ್ಚಿಡಲ್ಲ."

ಮಗಳು ಶೀಟಿನ ಅಂಚನ್ನು ಬಿಗಿಯಾಗಿ ಹಿಡಿದಳು. "ಹಾಗಾದ್ರೆ ನಾನು ಹೀಗಿರೋದು ಅದಕ್ಕೇನಾ?"

"ಗೊತ್ತಿಲ್ಲ. ಗೊತ್ತಿರೋರನ್ನ ಕೇಳೋಣ. ಆದ್ರೆ ಒಂದು ಗೊತ್ತು. ನನಗೆ ಬಂದಿದ್ದು ಕಾಯಿಲೆ. ನಿನಗೆ ಬಂದಿರೋದೂ ಕಾಯಿಲೆ. ನಿಮ್ಮತ್ತೆ ಏನೇ ಅಂದ್ರೂ ಇದು ಶಾಪ ಅಲ್ಲ, ನನ್ನ ಪಾಪ ಅಲ್ಲ, ನಿನ್ನ ಹಣೆಬರಹಾನೂ ಅಲ್ಲ. ನಾನು ಎದ್ದು ಬಂದೆ. ನಿನ್ನನ್ನೂ ಎಬ್ಬಿಸ್ತೀನಿ. ಬಿಡು ಅಂದ್ರೂ ಬಿಡಲ್ಲ, ಕೇಳಿಸ್ತಾ?"

ಗೂಬೆಮರಿ ಶೀಟನ್ನು ಕೈಬಿಟ್ಟು ಅಮ್ಮನ ಹೆಗಲ ಮೇಲೆ ಬಿದ್ದು ಅತ್ತಳು. ಒಗೆದ ಶೀಟು ನೆಲಕ್ಕೆ ಬಿದ್ದು ಧೂಳಾಯಿತು. ಅವತ್ತು ಸೂಪರ್‌ವೈಸರ್ ನೋಡಿಯೂ ನೋಡದ ಹಾಗೆ ಹೋದ.

ಹಳೆಯ ಡಾಕ್ಟರಮ್ಮ ನಿವೃತ್ತರಾಗಿದ್ದರು. ಅವರ ಜಾಗದಲ್ಲಿದ್ದವನು ವಯಸ್ಸಿನಲ್ಲಿ ಚಿಕ್ಕವನು, ಮೃದು ಮಾತಿನವನು. ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತೇ ಎಂದು ಅವನು ಕೇಳುವ ಮೊದಲೇ ಕೆಂಡಕ್ಕ ಎಲ್ಲ ಹೇಳಿದಳು. ಆಮೇಲೆ ಮೇಜಿನ ಮೇಲೆ ಎರಡೂ ಕೈ ಊರಿ, "ಸುತ್ತಿ ಬಳಸಿ ಹೇಳ್ಬೇಡಿ ಡಾಕ್ಟರೇ. ಇವಳಿಗೆ ಇದು ನನ್ನಿಂದ ಬಂತಾ?" ಎಂದಳು.

ಅವನು ಒಮ್ಮೆ ಮಗಳ ಕಡೆ, ಒಮ್ಮೆ ತಾಯಿಯ ಕಡೆ ನೋಡಿದ. "ತಾಯಿಗೆ ಖಿನ್ನತೆ ಆಗಿದ್ದಾಗ, ಅದೂ ತುಂಬ ದಿನ ಚಿಕಿತ್ಸೆ ಇಲ್ಲದೆ ಉಳಿದಾಗ, ಮುಂದೆ ಮಕ್ಕಳಿಗೂ ಇಂಥ ತೊಂದರೆ ಬರೋ ಸಾಧ್ಯತೆ ಸ್ವಲ್ಪ ಹೆಚ್ಚು. ಸಾಧ್ಯತೆ ಅಷ್ಟೆ. ಎಷ್ಟೋ ಮಕ್ಕಳಿಗೆ ಏನೂ ಆಗಲ್ಲ. ತಾಯಿಗೆ ಏನೂ ಆಗದಿದ್ರೂ ಎಷ್ಟೋ ಮಕ್ಕಳಿಗೆ ಬರುತ್ತೆ. ರಕ್ತದಲ್ಲಿ ಬರೋದಿರುತ್ತೆ, ಮನೆ, ಶಾಲೆ, ಇವಳ ಸ್ವಭಾವ, ಎಲ್ಲ ಸೇರಿರುತ್ತೆ. ಇದರಿಂದಲೇ ಬಂತು ಅಂತ ಬೆರಳು ಇಟ್ಟು ತೋರಿಸೋಕೆ ಆಗಲ್ಲ."

ಕೆಂಡಕ್ಕ ಕೇಳಿಸಿಕೊಂಡಳು. ಒಂದು ಗಳಿಗೆ ಅವಳ ಮುಖ ಬಿಳಿಚಿತು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಸರಿ. ಅಂದ್ರೆ ನನ್ನ ಕಾಯಿಲೆದೂ ಪಾಲು ಇರಬಹುದು. ಇರ್ಲಿ, ಒಪ್ತೀನಿ. ಆದ್ರೆ ಅದು ನನ್ನ ತಪ್ಪು ಅಂತ ಯಾರಾದ್ರೂ ಅಂದ್ರೆ ಅದನ್ನ ಒಪ್ಪಲ್ಲ. ಇನ್ನು ಏನು ಮಾಡ್ಬೇಕು ಹೇಳಿ."

ಚಿಕಿತ್ಸೆ ಶುರುವಾಯಿತು. ಶಾಲೆಗೆ ರಜೆ ಬೇಕಿತ್ತು. "ಕಾಮಾಲೆ ಅಂತ ಹೇಳೇ, ಮಾನ ಉಳಿಯುತ್ತೆ" ಎಂದರು ಅತ್ತೆ. ಕೆಂಡಕ್ಕ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಹೊಳೆಯುವ ಮೇಜಿನ ಹಿಂದೆ ಕೂತಿದ್ದ ಆಕೆ ದನಿ ತಗ್ಗಿಸಿದರು.

"ಮೆಲ್ಲಗೆ ಮಾತಾಡಿ. ನೋಡಿ, ಬೇರೆ ಮಕ್ಕಳ ಪೋಷಕರು ಏನಂತಾರೋ. ಈ ವರ್ಷ ಬಿಡಿಸಿಬಿಡಿ. ಮುಂದೆ ಬೇರೆ ಯಾವುದಾದ್ರೂ ಶಾಲೆ..."

"ಕಾಲು ಮುರ್ಕೊಂಡ ಮಗೂನ ಬಿಡಿಸಿ ಅಂತೀರಾ ಮೇಡಂ?"

"ಅದು ಬೇರೆ, ಇದು ಬೇರೆ."

"ಏನು ಬೇರೆ? ಅದು ಕಾಣ್ಸುತ್ತೆ, ಇದು ಕಾಣ್ಸಲ್ಲ. ಅಷ್ಟೇ ತಾನೇ?"

"ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಶಾಲೆಯ ಹೆಸರು..."

"ನನ್ನ ಮಗಳು ನಿಮ್ಮ ಶಾಲೆ ಗೇಟಿನ ಹತ್ರ ಉಸಿರು ಕಟ್ಟಿ ಬಿದ್ದಾಗ ಯಾರೂ ಬಂದು ಎತ್ತಲಿಲ್ಲ. ಆಗ ಹೆಸರು ಹೋಗ್ಲಿಲ್ವಾ? ಡಾಕ್ಟರು ಮೊದಲು ಅರ್ಧ ದಿನ ಕಳಿಸಿ ಅಂದಿದ್ದಾರೆ. ಕಳಿಸ್ತೀನಿ. ಬಾಗಿಲ ಹತ್ರ ಕೂರಿಸಿ, ಉಸಿರು ಕಟ್ಟಿದ್ರೆ ಹೊರಗೆ ಬಂದು ಕೂರ್ತಾಳೆ. ಆಗಲ್ಲ ಅಂದ್ರೆ ಈಗಲೇ ಹೇಳಿ, ನಾನು ಇಲ್ಲೇ ಕೂತಿರ್ತೀನಿ. ದಿನಾ ಬರ್ತೀನಿ. ನನ್ನ ದನಿ ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಾಯ್ತಲ್ಲ."

ಹೊರಗೆ ಕಾಯುತ್ತಿದ್ದ ಇಬ್ಬರು ಪೋಷಕರು ಬಾಗಿಲಿಗೇ ಕಿವಿ ಕೊಟ್ಟಿದ್ದರು. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಗೂಬೆಮರಿಗೆ ಬಾಗಿಲ ಬಳಿಯ ಬೆಂಚು ಸಿಕ್ಕಿತು.

ಮನೆಯಲ್ಲಿ ಮಾತ್ರ ಆ ಸಂಜೆ ದೊಡ್ಡ ರಂಪವಾಯಿತು. ಬೀದಿಯಲ್ಲೆಲ್ಲ ಸುದ್ದಿ ಹಬ್ಬಿತ್ತು. ಅತ್ತೆ ಗೋಡೆಗೆ ಒರಗಿ ಕೂತು ಅಳುತ್ತ ಬೈದರು. "ಮಗಳ ಬಾಳು ಬೀದಿಗೆ ತಂದ್ಯಲ್ಲೇ! ನಮಗೇನು ಆಗಿರ್ಲಿಲ್ವಾ? ಇವನ ಅಕ್ಕ ಹುಟ್ಟಿದ್ಲು, ಮೂರು ದಿನ ಬದುಕಿ ಹೋಯ್ತು ಮಗು. ಇವನು ಹುಟ್ಟಿದಾಗ ನನಗೆ ಇವನ ಮುಖ ನೋಡೋಕೇ ಆಗ್ತಿರ್ಲಿಲ್ಲ. ಬಾಯಿ ಮುಚ್ಕೊಂಡು ಇದ್ವಿ. ಯಾರಿಗಾದ್ರೂ ಹೇಳಿದ್ವಾ?"

ಹೇಳಿಯಾದ ಮೇಲೆ ಅವರಿಗೇ ತಾನೇನು ಹೇಳಿದೆ ಎಂಬುದು ಹೊಳೆದಂತಾಯಿತು. ಸೆರಗು ಬಾಯಿಗೆ ಹಿಡಿದರು. ಗಂಡ ತಾಯಿಯನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ.

ಕೆಂಡಕ್ಕ ಅವರ ಎದುರು ನೆಲದ ಮೇಲೆ ಕೂತಳು. ಅವಳ ಸಿಟ್ಟು ಇಳಿದಿರಲಿಲ್ಲ, ಆದರೆ ಅದು ಅತ್ತೆಯ ಮೇಲಿನ ಸಿಟ್ಟಾಗಿ ಉಳಿದಿರಲಿಲ್ಲ.

"ಯಾರೂ ಕೇಳಲಿಲ್ಲ ಅಲ್ವಾ ಅತ್ತೆ ನಿಮ್ಮನ್ನ? ಅದಕ್ಕೇ ನಾನು ಬಾಯಿ ಮುಚ್ಚಲ್ಲ. ನೀವು ಬೈದ್ರೂ ಅಷ್ಟೆ, ಬೀದಿಯವರು ನಕ್ಕರೂ ಅಷ್ಟೆ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದರು. ಕ್ಷಮೆ ಕೇಳಲಿಲ್ಲ, ಸಾಯುವವರೆಗೂ ಕೇಳಲಿಲ್ಲ. ಆದರೆ ಮುಂದಿನ ಭಾನುವಾರ ನಾದಿನಿ ಬಂದು "ಅತ್ತಿಗೆ, ಈಗ ಇವಳನ್ನ ಯಾರು ಮದುವೆ ಆಗ್ತಾರೆ?" ಎಂದು ರಾಗ ಎಳೆದಾಗ, "ನೀನು ಊಟ ಮಾಡೇ ಸುಮ್ನೆ" ಎಂದು ಗದರಿದ್ದು ಅವರೇ.

ಗೂಬೆಮರಿ ಒಂದೇ ಏಟಿಗೆ ಎದ್ದು ಕೂರಲಿಲ್ಲ. ಅರ್ಧ ದಿನ ಮುಕ್ಕಾಲು ದಿನವಾಯಿತು, ಮತ್ತೆ ಅರ್ಧಕ್ಕೆ ಇಳಿಯಿತು. ಕಾಲೇಜಿನಲ್ಲಿ ಇನ್ನೊಮ್ಮೆ ಬಿದ್ದಳು, ಇನ್ನೊಮ್ಮೆ ಎದ್ದಳು. ಓದು ಮುಗಿಸಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಅಲ್ಲಿಗೆ ಫ್ರೇಮು ತಂದು ಕೊಡುತ್ತಿದ್ದವನ ಜೊತೆ ಮಾತು ಬೆಳೆಯಿತು. ಮದುವೆಗೆ ಮುಂಚೆ ತನ್ನ ಕಾಯಿಲೆಯ ಕತೆಯನ್ನು ಅವನಿಗೆ ಅವಳೇ ಹೇಳಿದಳು. "ನಂದೂ ಹೇಳಿದ್ಯಾ?" ಎಂದು ಕೆಂಡಕ್ಕ ಕೇಳಿದರೆ, "ಅದನ್ನೇ ಮೊದಲು ಹೇಳಿದ್ದು" ಎಂದು ನಕ್ಕಳು.

ಗೂಬೆಮರಿ ಬಸುರಾದಾಗ ಕೆಂಡಕ್ಕನ ನಾದಿನಿ ಅವಳಿಗೆ ಫೋನು ಮಾಡಿ, "ನಿಮ್ಮ ರಕ್ತದಲ್ಲೇ ಇದೆ, ಮಗು ಯಾಕೆ ಬೇಕಿತ್ತು?" ಎಂದಳು. ಗೂಬೆಮರಿ "ಬೇಕಿತ್ತು ಅತ್ತೆ, ಅದಕ್ಕೇ" ಎಂದು ಫೋನಿಟ್ಟಳು. ಹೆರಿಗೆಗೆ ತಿಂಗಳುಗಳ ಮುಂಚೆಯೇ ತಾಯಿ ಮಗಳು ಇಬ್ಬರೂ ಹೋಗಿ ಡಾಕ್ಟರನ್ನು ಕಂಡು ಬಂದರು. ಏನಾದರೆ ಯಾರು ಬರಬೇಕು, ಮಗುವನ್ನು ಯಾರು ನೋಡಿಕೊಳ್ಳಬೇಕು, ಮಾತ್ರೆ ಯಾವುದು ಎಂಬುದೆಲ್ಲ ಆಗಲೇ ತೀರ್ಮಾನವಾಗಿತ್ತು.

ಗಂಡು ಮಗುವಾಯಿತು. ಎರಡು ವಾರ ಎಲ್ಲ ಚೆನ್ನಾಗಿತ್ತು. ಮೂರನೆಯ ವಾರದ ಒಂದು ಬೆಳಗ್ಗೆ ಕೆಂಡಕ್ಕ ಲಾಂಡ್ರಿಯಲ್ಲಿದ್ದಾಗ ಮಗಳ ಫೋನು ಬಂತು.

"ಅಮ್ಮ, ನನಗೆ ಚೆನ್ನಾಗಿಲ್ಲ. ಇದು ಬರೀ ಸುಸ್ತಲ್ಲ."

"ಬಂದೆ" ಎಂದಳು ಕೆಂಡಕ್ಕ. ಕೈಯಲ್ಲಿದ್ದ ದಿಂಬಿನ ಕವರನ್ನು ಪಕ್ಕದವಳ ಮೇಜಿಗೆ ಎಸೆದು ಮೆಟ್ಟಿಲು ಹತ್ತಿದಳು.

ಊಟದ ಹೊತ್ತಿಗೆ ಅವರು ಆಸ್ಪತ್ರೆಯಲ್ಲಿದ್ದರು. ಅಳಿಯ ಮಗುವನ್ನು ಎತ್ತಿಕೊಂಡು ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದ. ಲಿಫ್ಟ್ ಮೆಕ್ಯಾನಿಕ್ ಅಜ್ಜ ಹಾಲಿನ ಬಾಟಲಿ ಹಿಡಿದು ಅವನ ಹಿಂದೆ ಹಿಂದೆ. ಅಳಿಯನ ತಾಯಿ ಗಾಬರಿಯಿಂದ ಓಡಿ ಬಂದರು. ಒಳ್ಳೆಯ ಹೆಂಗಸು, ಆದರೆ ಜನಕ್ಕೆ ಹೆದರುವವರು. ಸೊಸೆಯ ಪಕ್ಕ ಕೂತು ಕೈ ಸವರುತ್ತ, "ಮನೆಗೆ ನೆಂಟರು ಬಂದಿದ್ದಾರಮ್ಮ, ಕೇಳ್ತಾ ಇದ್ದಾರೆ. ರಕ್ತ ಕಡಿಮೆ ಆಗಿದೆ ಅಂತ ಹೇಳ್ಲಾ?" ಎಂದು ಪಿಸುಗುಟ್ಟಿದರು.

ಕೆಂಡಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಮಗಳೇ ಮಾತಾಡಿದಳು. ದನಿ ಸಣ್ಣಗಿತ್ತು, ಕಣ್ಣ ಸುತ್ತ ಕಪ್ಪು ಕಟ್ಟಿತ್ತು, ಕೂದಲು ಬಾಚಿರಲಿಲ್ಲ.

"ರಕ್ತ ಸರಿಯಾಗೇ ಇದೆ ಅತ್ತೆ. ನನಗೆ ಹೆರಿಗೆ ಆದ ಮೇಲಿನ ಖಿನ್ನತೆ. ಹಾಗೇ ಹೇಳಿ. ಹೇಳೋಕೆ ಕಷ್ಟ ಆದ್ರೆ ಫೋನ್ ಕೊಡಿ, ನಾನೇ ಹೇಳ್ತೀನಿ."

ಒಳಗಿನಿಂದ ದಾದಿ ಕೂಗಿದಳು. ಗೂಬೆಮರಿ ಗೋಡೆ ಹಿಡಿದುಕೊಂಡು ಎದ್ದಳು, ಅಮ್ಮ ಚಾಚಿದ ಕೈಯನ್ನು ಬೇಡವೆಂದು ಪಕ್ಕಕ್ಕೆ ಸರಿಸಿ, ತಾನೇ ನಡೆದು ಡಾಕ್ಟರ ಕೋಣೆಗೆ ಹೋದಳು. ಮಗು ಕುಳಿತುಕೊಳ್ಳುವುದನ್ನು ಕಲಿಯುವಷ್ಟರಲ್ಲಿ ಅವಳು ಅದರ ಜೊತೆ ನಗುವಷ್ಟು ಸುಧಾರಿಸಿದ್ದಳು. ಮಾತ್ರೆ ಈಗಲೂ ತೆಗೆದುಕೊಳ್ಳುತ್ತಾಳೆ. ಯಾರಾದರೂ ಯಾವುದಕ್ಕೆಂದು ಕೇಳಿದರೆ ಹೇಳುತ್ತಾಳೆ. ಕೇಳದಿದ್ದರೂ ಒಮ್ಮೊಮ್ಮೆ ಹೇಳುತ್ತಾಳೆ.